ಟೇಪ್ ಹಿಡಿದು ಆರಿಸಿದ ವೈಡ್ ಲೆನ್ಸು: ಮಂಡಕ್ಕಿ ಭಟ್ಟಿಗೆ 25 ಎಂಎಂ

ರೇಂಜ್‌ಫೈಂಡರ್‌ಗೆ (ಪಕ್ಕದ ಕಿಟಕಿಯಲ್ಲಿ ನೋಡಿ ಫೋಕಸ್ ಮಾಡೋ ಹಳೇ ನಮೂನೆ ಕ್ಯಾಮೆರಾ) ವೈಡ್ ಲೆನ್ಸ್, ಅಂದ್ರೆ ಅಗಲ ನೋಟದ್ದು, ಯಾವ್ದು ತಗೊಳ್ಲಿ ಅಂತ ಯಾರನ್ನ ಕೇಳಿದ್ರೂ ಒಂದೇ ಉತ್ರ, 35 ಎಂಎಂ ತಗೋ (ಈ ನಂಬರು ಚಿಕ್ಕದಾದಷ್ಟೂ ನೋಟ ಅಗಲ), ಆಗೋದಾದ್ರೆ ಎಫ್ 2 ತಗೋ (ಎಫ್ ನಂಬರು ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಕಣ್ಮುಚ್ಕೊಂಡು ತಗೋ. ನಾನು ತಗೊಂಡಿದ್ದು 25 ಎಂಎಂ, ಎಫ್ 4, ಅದೂ ರೇಂಜ್‌ಫೈಂಡರ್‌ಗೆ ಕಪಲ್ ಆಗದೇ ಇರೋದು, ಅಂದ್ರೆ ಕಿಟಕಿ ನಡುವೆ ಎರಡು ಚಿತ್ರ ಒಂದಾಗೋ ಫೋಕಸ್ ಪ್ಯಾಚಿಗೂ ಲೆನ್ಸಿಗೂ ಸಂಬಂಧಾನೇ ಇಲ್ಲ, ದೂರ ಅಂದಾಜಲ್ಲೇ ಇಡ್ಬೇಕು. ದಾವಣಗೆರೆಯಲ್ಲಿ ಇನ್ನೂ ಫಿಲ್ಮ್ ಹಾಕೋರು ಬೆರಳೆಣಿಕೆ ಜನ, ಅಷ್ಟೂ ಜನ ನಕ್ರು. "ಕತ್ತಲಾಗ ಎಫ್ 4 ಇಟ್ಕಂಡು ಏನ್ ತೆಗಿತೀಯಲೇ, ಫೋಕಸ್ಸೂ ಕಾಣಂಗಿಲ್ಲ" ಅಂದ ಸ್ಟುಡಿಯೋ ಇಟ್ಟಿರೋ ನನ್ ದೋಸ್ತ. ಈಗ ಅದೇ ಲೆನ್ಸಲ್ಲಿ ತೆಗೆದ ಎರಡು ಪ್ರಿಂಟು ಅವನ ಸ್ಟುಡಿಯೋ ಗೋಡೆ ಮೇಲೇ ಇದಾವೆ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ನಾನು ತೆಗೆಯೋದು ಮುಖ್ಯವಾಗಿ ಮಂಡಕ್ಕಿ ಭಟ್ಟಿಗಳನ್ನ. ಊರಿನೋರಿಗೆ ಹೇಳ್ಬೇಕಾಗಿಲ್ಲ, ಹೊರಗಿನೋರಿಗೆ ಹೇಳ್ತೀನಿ, ಒಳಗೆ ಬೆಳಕು ಅಂದ್ರೆ ಒಲೆ ಬಾಯಿ ಮತ್ತೆ ಬಾಗಿಲು ಎರಡೇ, ಉಳಿದಿದ್ದೆಲ್ಲ ಹೊಗೆ ಹಿಡಿದ ಕಪ್ಪು. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡ್ಲೇ ಚಟಪಟ ಅಂತ ಅರಳುತ್ತೆ, ತಕ್ಷಣ ಜರಡಿಗೆ ಎತ್ತಿ ಮರಳು ಉದುರಿಸ್ತಾರೆ, ಇದೆಲ್ಲ ನಾವು ಫೋಕಸ್ ರಿಂಗ್ ಹುಡುಕೋದ್ರೊಳಗೆ ಮುಗಿದಿರುತ್ತೆ. ಹಿಂದಕ್ಕೆ ಸರಿಯೋಣ ಅಂದ್ರೆ ಬೆನ್ನಿಗೆ ಗೋಡೆ. ಇನ್ನು ಆ ಹೊಗೆಯಲ್ಲಿ ಅರವತ್ತು ವರ್ಷದ ಹಳೇ ಕ್ಯಾಮೆರಾದ ಪ್ಯಾಚ್ ಮಬ್ಬಾಗಿ ಕಂಡ್ರೂ ಆಯ್ತು, ಕಾಣದಿದ್ರೂ ಆಯ್ತು. ಪ್ಯಾಚೇ ಕಾಣದ ಜಾಗದಲ್ಲಿ ಕಪ್ಲಿಂಗ್ ಇದ್ದು ಏನ್ ಮಾಡ್ಲಿ ಹೇಳಿ.

ಮೊದಲು ಇದ್ದಿದ್ದು ಜೋರ್ಕಿ 4 ಅನ್ನೋ ಸೋವಿಯತ್ ಕಾಲದ ಕ್ಯಾಮೆರಾ, ಅದಕ್ಕೆ ಜುಪಿಟರ್ 12 ಅನ್ನೋ ಲೆನ್ಸು, 35 ಎಂಎಂ ಎಫ್ 2.8. ಲೆನ್ಸಿಗೆ ಐದೂವರೆ ಸಾವಿರ ಕೊಟ್ಟಿದ್ದೆ ಅನ್ಸುತ್ತೆ. ಹಳೇ ಝೈಸ್ ಬಯೋಗಾನ್ ಡಿಸೈನು, ಹಿಂದಿನ ಗ್ಲಾಸು ಇಷ್ಟುದ್ದ ಒಳಗೆ ಚಾಚ್ಕೊಂಡಿರುತ್ತೆ, ಟೇಬಲ್ ಮೇಲೆ ಕವುಚಿ ಇಡೋಕೂ ಭಯ. ಚಿತ್ರ ಚೆನ್ನಾಗೇ ಬರುತ್ತೆ, ಅದ್ರಲ್ಲಿ ತಕರಾರಿಲ್ಲ. ಆದ್ರೆ ಬೆಳಕಿನ ಕಂಡಿ ಹಿಗ್ಗಿಸಿ ಕುಗ್ಗಿಸೋ ಅಪರ್ಚರ್ ರಿಂಗ್ ಇರೋದು ಲೆನ್ಸಿನ ಮುಂದೆ, ಗ್ಲಾಸಿನ ಸುತ್ತ ಒಳಗಡೆ, ಕ್ಲಿಕ್ಕೂ ಇಲ್ಲ, ಎಷ್ಟಿದೆ ಅಂತ ನೋಡೋಕೆ ಕ್ಯಾಮೆರಾನ ಮುಖದ ಕಡೆ ತಿರುಗಿಸ್ಬೇಕು. ಮಸಿ ಕೈಯಲ್ಲಿ ಆ ರಿಂಗ್ ಮುಟ್ಟಿ ಮುಟ್ಟಿ ಮುಂದಿನ ಗ್ಲಾಸಿನ ತುಂಬ ಬೆರಳಚ್ಚು. ಜೋರ್ಕಿ ಫೈಂಡರಲ್ಲಿ, ಅಂದ್ರೆ ಕಣ್ಣಿಟ್ಟು ನೋಡೋ ಕಿಟಕಿಯಲ್ಲಿ, 50ರ ನೋಟ ಬಿಟ್ರೆ ಫೋಟೋದಲ್ಲಿ ಎಷ್ಟು ಬರುತ್ತೆ ಅಂತ ತೋರ್ಸೋ ಬೇರೆ ಫ್ರೇಮ್ ಲೈನೇ ಇಲ್ಲ, 35ಕ್ಕೆ ಅಂದಾಜೇ ಗತಿ.

ಆಮೇಲೆ ಬಾಡಿ ಬದಲಾಯ್ಸಿ ಕ್ಯಾನನ್ ಪಿ ತಂದೆ, ಹದಿನೆಂಟು ಸಾವಿರದ ಹತ್ರ ಆಯ್ತು, ಸರ್ವಿಸ್ ಬೇರೆ. 1959ರ ಕ್ಯಾಮೆರಾ, ಲೆನ್ಸ್ ತಿರುಪಿ ಕೂರಿಸೋ ಅದೇ 39 ಎಂಎಂ ಸ್ಕ್ರೂ ಮೌಂಟು, ಶಟರ್ ಪರದೆ ಲೋಹದ್ದು, ದುರ್ಗದ ಬಿಸಿಲಲ್ಲಿ ಸೂರ್ಯನ ಕಡೆ ತಿರುಗಿದ್ರೂ ಬಟ್ಟೆ ಪರದೆ ತರ ತೂತು ಬೀಳಲ್ಲ. ಫೈಂಡರ್ ಒಂದಕ್ಕೊಂದು, ಅಂದ್ರೆ ಬರಿಗಣ್ಣಿಗೆ ಕಂಡಷ್ಟೇ ಗಾತ್ರಕ್ಕೆ ಕಾಣುತ್ತೆ, ಎರಡೂ ಕಣ್ಣು ಬಿಟ್ಕೊಂಡು ನೋಡಬಹುದು, ಆದ್ರೆ ಅದ್ರಲ್ಲಿ 35ರ ಗೆರೆ ತೀರಾ ಅಂಚಿಗಿದೆ, ಕನ್ನಡಕ ಹಾಕೋರಿಗೆ ಒಂದು ಮೂಲೆ ನೋಡಿದ್ರೆ ಇನ್ನೊಂದು ಮೂಲೆ ಮಾಯ. ನಂದು ದಪ್ಪ ಕನ್ನಡಕ. ಹಂಗಾಗಿ 35 ತಗೊಂಡ್ರೂ ಕ್ಯಾಮೆರಾ ಮೇಲೆ ಸಿಕ್ಕಿಸೋ ಹೊರಗಿನ ಫೈಂಡರ್ ಬೇಕೇ ಬೇಕು, ಬೇಕು ಅಂದ್ಮೇಲೆ ಇನ್ನೂ ಅಗಲದ್ದು ಯಾಕೆ ಬೇಡ ಅನ್ನೋ ತಲೆ ಓಡಿದ್ದು ಅಲ್ಲಿಂದ.

ಈ ಮಧ್ಯೆ ಹೊರದೇಶದ ಒಬ್ಬ ಮಾರಾಟಗಾರನಿಂದ ಕ್ಯಾನನ್ 28 ಎಫ್ 2.8 ತರ್ಸಿದ್ದೆ, ಫೋಟೋದಲ್ಲಿ ಪಳಪಳ, ವಿವರದಲ್ಲಿ ಎಲ್ಲ "ಎಕ್ಸಲೆಂಟ್". ಬಂದ ಮೇಲೆ ಮೊಬೈಲ್ ಟಾರ್ಚ್ ಹಿಂದಿಂದ ಬಿಟ್ಟು ನೋಡಿದ್ರೆ ಅಪರ್ಚರ್ ಪಕ್ಕದ ಗ್ಲಾಸ್ ಮೇಲೆ ಹಾಲು ಬಳಿದಂಗೆ ಮಂಜು. ಒಲೆ ಬೆಂಕಿ ಎದುರಿಗಿದ್ರೆ ಇಡೀ ಫ್ರೇಮು ಬೂದಿ. ವಾಪಸ್ ಕಳ್ಸಿದೆ, ಲೆನ್ಸಿನ ದುಡ್ಡು ಬಂತು, ಪೋಸ್ಟೇಜು ಡ್ಯೂಟಿ ಬರ್ಲಿಲ್ಲ, ಏಳೆಂಟು ಸಾವಿರ ಗಾಳಿಗೆ ಹೋಯ್ತು. ಹಳೇ ಲೆನ್ಸ್ ತಗೊಳ್ಳೋರು ಟಾರ್ಚ್ ಬಿಟ್ಟ ಫೋಟೋ ಕೇಳದೆ ದುಡ್ಡು ಕಳಿಸ್ಬೇಡಿ.

ಬೆಂಗಳೂರಿನ ಗೆಳೆಯನ ಹತ್ರ ಫೋಕ್ಟ್‌ಲೆಂಡರ್ ಕಲರ್ ಸ್ಕೋಪಾರ್ 21 ಎಫ್ 4 ಇತ್ತು, ಕೇಳಿ ತಂದು ಸ್ವಲ್ಪ ದಿನ ಇಟ್ಕೊಂಡಿದ್ದೆ. ಸಂತೆಬೆನ್ನೂರು ಪುಷ್ಕರಣಿಗೆ ಹೋಗಿ ಮೆಟ್ಟಿಲ ಮೇಲಿಂದ ವಸಂತ ಮಂಟಪ ತೆಗೆದೆ, ಮೆಟ್ಟಿಲೇನೋ ಭರ್ಜರಿಯಾಗಿ ಬಂತು, ಮಂಟಪ ಬೆಂಕಿಪೊಟ್ಣ ಆಗಿತ್ತು. ಚಿತ್ರದುರ್ಗದಲ್ಲೂ ಅದೇ ಕತೆ, ಅಷ್ಟು ದೊಡ್ಡ ಬಂಡೆಗಳೆಲ್ಲ ಕುಗ್ಗಿ ಹಿಂದಕ್ಕೆ ಹೋಗ್ತವೆ. ಓಬವ್ವನ ಕಿಂಡಿ ಹತ್ರ ಮಾತ್ರ 21 ಸರಿ ಅನ್ಸಿತು, ಅಲ್ಲಿ ನಿಲ್ಲೋಕೇ ಜಾಗ ಇಲ್ಲ. ಕೋಟೆಗೆ ಈಗ್ಲೂ ನನ್ ಓಟು 35ಕ್ಕೇ, ಬೇಕಾದ್ರೆ 50. ಭಟ್ಟಿ ಒಳಗೆ 21 ಹಾಕಿದ್ರೆ ಅಂಚಲ್ಲಿ ನಿಂತೋನ ಮುಖ ಹಿಗ್ಗಿ ಕುಂಬಳಕಾಯಿ, ಆಮೇಲೆ ಪ್ರಿಂಟ್ ತೋರಿಸಿದ್ರೆ ಬೈಸ್ಕೋಬೇಕು.

ಕೊನೆಗೆ ಮಾಡಿದ್ದು ಇಷ್ಟೇ, ಬಡಗಿ ಟೇಪ್ ತಗೊಂಡು ಭಟ್ಟಿಗೆ ಹೋದೆ. ನಾನು ಒರಗಿ ನಿಲ್ಲೋ ಕಂಬದಿಂದ ಮರಳು ತಿರುವೋ ಕಾಕಾನ ಮುಖಕ್ಕೆ ಹತ್ರ ಹತ್ರ ಒಂದೂವರೆ ಮೀಟರ್. ಫ್ರೇಮಲ್ಲಿ ನನಗೆ ಬೇಕಾಗಿದ್ದು ಒಲೆ ಬಾಯಿ, ಕಾಕಾ, ಜರಡಿ, ಪಕ್ಕದ ರಾಶಿ, ಅಷ್ಟೂ ಸೇರಿ ಏಳಡಿ. "ಏನಪ್ಪಾ, ಭಟ್ಟಿ ಕೊಂಡ್ಕೊಂತೀಯೇನು?" ಅಂತ ಕಾಕಾ ಕೇಳಿದ್ರು. ಲೆಕ್ಕ ಸುಲಭ, ಫಿಲ್ಮ್ ಫ್ರೇಮಿನ ಅಗಲ 36 ಎಂಎಂ, ಅದನ್ನ ಫೋಕಲ್ ಲೆಂತಿಂದ (ಲೆನ್ಸಿನ ಎಂಎಂ ನಂಬರು) ಭಾಗಿಸಿ ದೂರದಿಂದ ಗುಣಿಸೋದು. ಒಂದೂವರೆ ಮೀಟರಲ್ಲಿ 35ಕ್ಕೆ ಸಿಗೋದು ಐದಡಿ, 28ಕ್ಕೆ ಆರೂ ಚಿಲ್ಲರೆ, 25ಕ್ಕೆ ಸರಿಯಾಗಿ ಏಳು, 21ಕ್ಕೆ ಎಂಟೂವರೆ, ಆ ಹೆಚ್ಚಿನ ಒಂದೂವರೆ ಅಡಿಯಲ್ಲಿ ಬರೋದು ಬರೀ ಕರೀ ತಗಡು. ಇದನ್ನ ಹೇಳಿದಾಗ ದೋಸ್ತರೆಲ್ಲ "ಟೇಪ್ ಹಿಡ್ದು ಲೆನ್ಸ್ ಆರ್ಸೋನು" ಅಂತ ಹೆಸರಿಟ್ರು. ಇಟ್ಕೊಳ್ಳಿ.

25ರಲ್ಲಿ ಸ್ಕ್ರೂ ಮೌಂಟಿಗೆ ನನ್ನ ಜೇಬಿಗೆ ಎಟುಕೋದು ಅಂದ್ರೆ ಸ್ನ್ಯಾಪ್‌ಶಾಟ್ ಸ್ಕೋಪಾರ್ ಎಫ್ 4, 1999ರಲ್ಲಿ ಜಪಾನಿನ ಕೊಸೀನಾ ಕಂಪನಿಯೋರು ಫೋಕ್ಟ್‌ಲೆಂಡರ್ ಹೆಸರಲ್ಲಿ ತಂದಿದ್ದು. ಫೈಂಡರ್ ಸಮೇತ, ಡ್ಯೂಟಿ ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು ಆಯ್ತು. ಜುಪಿಟರ್ ಮಾರಿದ್ದು ನಾಲ್ಕೂವರೆ ಸಾವಿರಕ್ಕೆ. ಮನೆಯಲ್ಲಿ ಹೇಳಿರೋ ರೇಟು ಬೇರೆ.

ಇದ್ರ ಮಜಾ ಇರೋದು ಫೋಕಸ್ ಲಿವರಲ್ಲಿ, 1, 1.5, 3 ಮೀಟರಿಗೆ ಕ್ಲಿಕ್ ಇದೆ, ಕತ್ತಲಲ್ಲಿ ಬೆರಳಿಗೇ ಗೊತ್ತಾಗುತ್ತೆ. ಎಫ್ 4, 1.5ರ ಕ್ಲಿಕ್ಕು, ಹೆಚ್ಚುಕಮ್ಮಿ ನಾಲ್ಕಡಿಯಿಂದ ಏಳಡಿವರೆಗೆ ಶಾರ್ಪ್. ಕಾಕಾ ಮುಂದೆ ಬಾಗಿದ್ರೂ ಹಿಂದೆ ಸರಿದ್ರೂ ಅದ್ರೊಳಗೇ ಇರ್ತಾರೆ. ಹೊರಗೆ ಬಂದ್ರೆ ಎಫ್ 8, 3ರ ಕ್ಲಿಕ್ಕು, ಒಂದೂವರೆ ಮೀಟರಿಂದ ಆಚೆ ಎಲ್ಲ ಬರುತ್ತೆ, ಕಣ್ಣಿಗಿಡೋದೂ ಬೇಡ. ಆ ಗುರುತುಗಳನ್ನ ನಂಬೋ ಮುಂಚೆ ಹಿಂದಿನ ಬಾಗಿಲು ತೆಗೆದು, ಫಿಲ್ಮ್ ಕೂರೋ ಜಾಗಕ್ಕೆ ಮಬ್ಬು ಸೆಲ್ಲೋಟೇಪ್ ಬಿಗಿಯಾಗಿ ಅಂಟಿಸಿ, ಶಟರನ್ನ ಬಿ ಯಲ್ಲಿ (ಒತ್ತಿದಷ್ಟು ಹೊತ್ತೂ ತೆರೆದೇ ಇರುತ್ತೆ) ಕೇಬಲ್ ಹಾಕಿ ಲಾಕ್ ಮಾಡಿ, ಲೂಪ್ ಅನ್ನೋ ಭೂತಗನ್ನಡಿ ಇಟ್ಟು ನೋಡಿದೆ. ಎದುರಿಗೆ ಟೇಪ್ ಅಳತೆಗೆ ಇಟ್ಟ ಪೇಪರಿನ ಅಕ್ಷರ ನೀಟಾಗಿ ಕಾಣ್ತು, ನನ್ ಲೆನ್ಸಲ್ಲಿ 1.5 ಅನ್ನೋದು ಟೇಪ್ ಅಳತೆಗಿಂತ ಒಂದು ಗೇಣು ಆಚೆಗೆ ಬೀಳುತ್ತೆ ಅಷ್ಟೇ, ಅದೇನ್ ಲೆಕ್ಕಕ್ಕಿಲ್ಲ.

ಫೈಂಡರ್ ಲೆನ್ಸಿಗಿಂತ ಎರಡು ಮೂರು ಇಂಚು ಮೇಲೆ ಕೂರುತ್ತಲ್ಲ, ಹತ್ರದ ಫೋಟೋದಲ್ಲಿ ತಲೆ ಕಟ್ ಆಗುತ್ತೆ, ಮೇಲೆ ಸ್ವಲ್ಪ ಜಾಗ ಬಿಟ್ಟು ಹಿಡೀಬೇಕು. ನಾನು ಫೈಂಡರ್ ಗಾಜಿಗೆ ಒಂದು ಸಣ್ಣ ಗುರುತು ಅಂಟಿಸಿದೀನಿ, ಎಲ್ಲಿ, ಏನು ಅಂತ ಮಾತ್ರ ಕೇಳ್ಬೇಡಿ. ಹಂಗೇ ಎಚ್‌ಪಿ 5 ಫಿಲ್ಮನ್ನ 1600 ಐಎಸ್ಒಗೆ ತಳ್ಳಿ (ಕತ್ತಲಿಗೆ ಅಂತ ಜಾಸ್ತಿ ಹೊತ್ತು ತೊಳೆಯೋದು) ಡಿ 76 ಡೆವಲಪರಲ್ಲಿ ತೊಳೆಯೋ ಟೈಮೂ ಹೇಳಲ್ಲ, ನಮ್ಮೂರ ಬೇಸಿಗೆ ನಲ್ಲಿ ನೀರಿಗೆ ಡಬ್ಬಿ ಮೇಲಿನ ಟೈಮ್ ನಡೆಯಲ್ಲ ಅನ್ನೋದಷ್ಟೇ ಹೇಳ್ತೀನಿ. ಮೂವತ್ತನೇ ಒಂದು ಸೆಕೆಂಡಲ್ಲಿ ಎಫ್ 4, ಒಲೆ ಬೆಳಕಿಗೆ ಸಾಕಾಗುತ್ತೆ, ಕನ್ನಡಿ ಎಗರೋ ಕ್ಯಾಮೆರಾ ಅಲ್ವಲ್ಲ, ಕೈ ನಡುಗಿದ್ದೂ ಅಷ್ಟಾಗಿ ಕಾಣಲ್ಲ. ಗ್ರೇನ್ ಇರುತ್ತೆ, ಇರ್ಲಿ, ಹೊಗೆ ಜೊತೆ ಸೇರ್ಕೊಳುತ್ತೆ. ರೋಲು ದುಬಾರಿ, ನೋಡ್ಕೊಂಡು ಒತ್ತಬೇಕು. 39 ಎಂಎಂ ಫಿಲ್ಟರ್ ಹಾಕದೆ ಭಟ್ಟಿಗೆ ಕಾಲಿಡಲ್ಲ, ಮಸಿ ಎಣ್ಣೆ ತರ ಹತ್ಕೊಳುತ್ತೆ.

ಅಳಿಯನ ಮಿರರ್‌ಲೆಸ್‌ಗೂ (ಡಿಜಿಟಲ್ ಕ್ಯಾಮೆರಾ) ಅಡಾಪ್ಟರ್ ಹಾಕಿ ನೋಡಿದೆ, ಮೂಲೆಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಕಲಸಿದಂಗೆ ಬಂತು. ಹಿಂದಿನ ಗ್ಲಾಸ್ ಸೆನ್ಸರಿಗೆ ಅಷ್ಟು ಹತ್ರ ಇದ್ರೆ ಬೆಳಕು ತೀರಾ ಓರೆಯಾಗಿ ಬೀಳುತ್ತೆ, ಫಿಲ್ಮು ತಡ್ಕೊಳುತ್ತೆ, ಸೆನ್ಸರ್ ತಡ್ಕೊಳಲ್ಲ. ಕಪ್ಪು ಬಿಳುಪು ಮಾಡಿದ್ರೆ ಬಣ್ಣದ ಕಾಟ ತಪ್ಪುತ್ತೆ, ಕಲಸಿದ್ದು ಹಂಗೇ ಉಳಿಯುತ್ತೆ.

ಇನ್ನೊಂದು ಹುಚ್ಚಾಟ. ಲೆನ್ಸ್ ಬರೋಕೆ ಮುಂಚೆ ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಹಾಕೋ ಇಣುಕು ಲೆನ್ಸ್ ತಗೊಂಡು, ಎಂಬತ್ತೋ ನೂರೋ ರೂಪಾಯಿ, ಹಳೇ ಫ್ಲ್ಯಾಶಿನ ಕಾಲಿಗೆ ಅಂಟಿಸಿ, ಒಳಗೆ ಕಪ್ಪು ಪೇಪರಲ್ಲಿ ಸಣ್ಣ ಆಯತ ಕತ್ತರಿಸಿಟ್ಟು, ಗೋಡೆ ಮೇಲೆ ಟೇಪ್ ಅಂಟಿಸಿ ಅಳತೆ ಹೊಂದಿಸಿ ಫೈಂಡರ್ ಮಾಡಿದ್ದೆ. ಗೆರೆಗಳು ಬಾಗಿ ಕಾಣ್ತವೆ, ಚಿತ್ರ ಕಡ್ಲೆಕಾಳಷ್ಟು, ಆದ್ರೆ ಏನು ಒಳಗೆ ಏನು ಹೊರಗೆ ಅನ್ನೋದು ಗೊತ್ತಾಗುತ್ತೆ. ಮೊನ್ನೆ ನಕ್ಕಿದ್ದ ಅದೇ ಸ್ಟುಡಿಯೋ ದೋಸ್ತ 28 ತಗೊಂಡ, ಫೈಂಡರ್ ಇಲ್ದೆ. "ಆ ಬಾಗ್ಲು ಲೆನ್ಸ್ ಐತೇನಲೇ ಇನ್ನೂ?" ಅಂದ. ಆಯತ 28ರ ಅಳತೆಗೆ ಹೊಸದಾಗಿ ಕತ್ತರಿಸಿ ಕೊಟ್ಟೆ, ಐನೂರು ಇಸ್ಕೊಂಡೆ.