ಅರ್ಧ ಕಿಲೋ ಪ್ಲೇಟು, ವಾರಕ್ಕ ಮೂರು ದಿನ: ಕಲಬುರಗಿ ಜಿಮ್ಮಿನಾಗಿನ ನನ್ನ ಅನುಭವ

ವಾರಕ್ಕ ಮೂರು ದಿನ, ದಿನಕ್ಕ ಮೂರು ಕಸರತ್ತು, ತೂಕ ಏರಿಸಾಕ ರಾಡಿನ ಎರಡೂ ತುದಿಗೆ ಅರ್ಧರ್ಧ ಕಿಲೋ ಪ್ಲೇಟು. "ಇಷ್ಟರಾಗ ಬಾಡಿ ಆಗ್ತದೇನ್ರಿ?" ಅಂತ ನಮ್ಮ ಜಿಮ್ಮಿನ ಹಳೇ ಮಂದಿ ಭಾಳ ನಕ್ಕರು. ಈಗ ಅವರೊಳಗ ಮೂರ್ನಾಲ್ಕು ಜನ ಅದೇ ಪ್ಲೇಟು ನನ್ನ ಕಡಿಂದ ಕೇಳಿ ಒಯ್ತಾರ, ಅದಕ್ಕ ಬರಿಯಾಕತ್ತೀನಿ. ಲೆಕ್ಕ ಎಲ್ಲಾ ನೆನಪಿನಿಂದ: ಖಾಲಿ ರಾಡಿನಿಂದ ಶುರು ಮಾಡಿದ ಸ್ಕ್ವಾಟ್ (ರಾಡು ಹೆಗಲಿಗೆ ಹೊತ್ತು ಕೂತು ಏಳೋದು) ಏಳೆಂಟು ತಿಂಗಳಿಗೆ 85 ಕಿಲೋ ಹತ್ತಿರ ಬಂತು. ನೆಲದಿಂದ ಎತ್ತೋ ಡೆಡ್‌ಲಿಫ್ಟ್ 110, ಮಲಗಿ ಎತ್ತೋ ಬೆಂಚ್ 60ರ ಆಜೂಬಾಜು, ನಿಂತು ಹೊಡಿಯೋ ಶೋಲ್ಡರ್ ಪ್ರೆಸ್ 42. ಮೈತೂಕ 62 ಇದ್ದದ್ದು 68. ನಲವತ್ತರ ಹತ್ತಿರದ ವಯಸ್ಸು, ಮನಿಯಾಗ ಮಾಂಸ ಇಲ್ಲ, ತತ್ತಿ ತಿನ್ನಬೇಕಂದ್ರೂ ಹೊರಗೇ. ಅಂಥವರಿಗೆ ಇದು ಕಮ್ಮಿ ಏನಲ್ಲ.

ನಮ್ಮ ಕಡಿ ಹೊಸಬರ ಕೈಗೆ ಕೊಡೋ ಚಾರ್ಟ್ ಒಂದೇ. ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಹಿಂಗ ಹೋಗಿ ಶನಿವಾರಕ್ಕ ಕಾಲು. ಲಗ್ನದ ಸೀಜನ್ ಬಂದ್ರ ಮೊದಲು ತಪ್ಪೋದು ಶನಿವಾರ. ಒಂದು ತಪ್ಪಿದ್ರ ಕಾಲಿಗೆ ಹದಿನಾಲ್ಕು ದಿನ ಕೆಲಸ ಇಲ್ಲ. ಮ್ಯಾಲಿಂದ ಒಂದೇ ದಿನ ಚೆಸ್ಟಿಗೆ ಹದಿನೈದಿಪ್ಪತ್ತು ಸೆಟ್ (ನಡುವ ನಿಲ್ಲದೆ ಎತ್ತೋ ಒಂದು ಸರದಿ) ಹೊಡೆದ್ರ ಎರಡನೇ ದಿನ ಅಂಗಿ ತೆಗಿಯಾಕ ಕೈ ಏಳೋದಿಲ್ಲ. ಆ ನೋವೇ ಫಾಯದಾ ಅಂತ ತಿಳ್ಕೊಂಡವರು ಭಾಳ ಮಂದಿ. ಹೊಸಬನ ಮೈ ಎರಡು ದಿನದಾಗ ಸುಧಾರಿಸಿಕೊಳ್ತದ, ಉಳಿದ ನಾಲ್ಕೈದು ದಿನ ಸುಮ್ನೆ ಹೋಗ್ತಾವ. ಆರೇಳು ವರ್ಷ ಹಳಬನಿಗೆ ಆ ಚಾರ್ಟ್ ನಡೀಬಹುದು, ಮೊದಲ ವರ್ಷದವನಿಗೆ ದಂಡ.

ನಾನು ನಡೆಸಿದ್ದು ಹಿಂಗ. ಒಂದು ದಿನ ಸ್ಕ್ವಾಟ್, ಬೆಂಚ್, ಬಾಗಿ ಎಳಿಯೋ ರೋ. ಮುಂದಿನ ದಿನ ಸ್ಕ್ವಾಟ್, ಶೋಲ್ಡರ್ ಪ್ರೆಸ್, ಡೆಡ್‌ಲಿಫ್ಟ್. ನಡುವ ಒಂದು ದಿನ ರಜಾ, ಅದಲು ಬದಲು. ಐದೈದು ಸಲದ ಮೂರು ಸೆಟ್. ರೋ ಎಂಟೆಂಟರದ್ದು, ಡೆಡ್‌ಲಿಫ್ಟ್ ಐದರ ಒಂದೇ ಸೆಟ್. ಸೆಟ್ಟಿನ ನಡುವ ಎರಡೂವರಿ ನಿಮಿಷ ಕಮ್ಮಿ ಇಲ್ಲ, ಮೊಬೈಲ್ ಗಡಿಯಾರ ಇಟ್ಟು. ವಾರ್ಮ್‌ಅಪ್ಪಿಗೆ ಖಾಲಿ ರಾಡು ಎರಡು ಸಲ, ಆಮ್ಯಾಲ ಆ ದಿನದ ತೂಕದ ಅರ್ಧ, ಮುಕ್ಕಾಲು, ಅಷ್ಟೇ. ಹೋಗಿ ಬರೋದು ಬಿಟ್ಟು ಮುಕ್ಕಾಲು ತಾಸಿನಾಗ ಮುಗೀತದ.

ಆಟ ಇರೋದು ತೂಕ ಏರಿಸೋದ್ರಾಗ. ನಮ್ಮೂರಿನ ಜಿಮ್ಮಿನಾಗ ಸಿಗೋ ಅತಿ ಸಣ್ಣ ಪ್ಲೇಟು ಎರಡೂವರಿ ಕಿಲೋದ್ದು. ಎರಡು ಕಡಿ ಹಾಕಿದ್ರ ಒಮ್ಮೆಲೇ ಐದು ಕಿಲೋ. ಸ್ಕ್ವಾಟ್ 60 ಇದ್ದಾಗ ಐದು ಕಿಲೋ ಅಂದ್ರ ನೂರಕ್ಕ ಎಂಟು, ಹೆಂಗರ ಜಗ್ಗಬಹುದು. ಪ್ರೆಸ್ 30 ಇದ್ದಾಗ ಅದೇ ಐದು ಕಿಲೋ ನೂರಕ್ಕ ಹದಿನೇಳು ಆಯ್ತು. ಹೊಸಬರ ಪ್ರೆಸ್ ತಿಂಗಳಗಟ್ಟಲೆ 25–30ಕ್ಕೇ ನಿಲ್ಲೋದು ಇದಕ್ಕ, ತಾಕತ್ತು ಇಲ್ಲ ಅಂತಲ್ಲ. ಟ್ರೇನರ್ ಮಂದಿ "ರೆಪ್ (ಒಂದು ಸೆಟ್ಟಿನಾಗ ಎತ್ತೋ ಸಲ) ಹೆಚ್ಚು ಮಾಡು" ಅಂತಾರ. ಹನ್ನೆರಡು ರೆಪ್ ಆಗೋ ತನಕ ಕಾದು ಆಮ್ಯಾಲ ಐದು ಕಿಲೋ ಹಾಕಿದ್ರೂ ಅರ್ಧಕ್ಕೇ ಉಸಿರು ಹಿಡೀತದ.

ಮೊದಲು ರಾಡು, ಪ್ಲೇಟು ತೂಗಿಸ್ರಿ. ಗಂಜದಾಗ (ಧಾನ್ಯದ ಮಾರ್ಕೆಟ್) ತೊಗರಿ ತೂಗೋ ಕಾಟಾ ಮ್ಯಾಲ ತೂಗಿಸಿದೆ. ಹಮಾಲರು ನಕ್ಕರು, ತೂಕ ಮಾತ್ರ ಪಕ್ಕಾ ಸಿಕ್ತು. 10 ಅಂತ ಅಚ್ಚು ಹಾಕಿದ ಎರಕದ ಪ್ಲೇಟುಗಳೊಳಗ ಒಂದು ಒಂಬತ್ತೂವರಿಗೂ ಕಮ್ಮಿ, ಇನ್ನೊಂದು ಹತ್ತೂವರಿ ಮ್ಯಾಲ. ಇವೆರಡನ್ನ ಒಂದೊಂದು ಕಡಿ ಹಾಕಿದ್ರ ಒಂದು ಭುಜಕ್ಕ ಒಂದು ಕಿಲೋದ ಮ್ಯಾಲ ಹೆಚ್ಚು ಭಾರ. ಏಳು ಫೂಟಿನ ದಪ್ಪ ರಾಡು 20 ಕಿಲೋ ಇರಬೇಕು, ಹದಿನೆಂಟರದ್ದೂ ಅವ. ಐದು ಫೂಟಿನ ಸಣ್ಣ ರಾಡು ಏಳೆಂಟು ಕಿಲೋ. ಜೋಡಿ ಹೊಂದಿಸಿ ಬಣ್ಣದ ಚುಕ್ಕಿ ಇಡ್ರಿ, ಪ್ರತಿ ಸಲ ಅದೇ ಜೋಡಿ ಹಾಕ್ರಿ. ಇಷ್ಟು ಮಾಡದೆ ಅರ್ಧ ಕಿಲೋ ಪ್ಲೇಟಿನ ಮಾತಿಗೆ ಅರ್ಥ ಇಲ್ಲ.

ಪ್ಲೇಟು ಮಾಡಿಸಿದ್ದು ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತಿನಾಗ. 10 ಎಂಎಂ ದಪ್ಪದ ಎಂಎಸ್ (ಸಾದಾ ಉಕ್ಕು) ಪ್ಲೇಟ್ ತಗೊಳ್ರಿ. ದಪ್ಪ ರಾಡಿಗಾದ್ರ ಹೊರಗಿನ ವ್ಯಾಸ 105 ಎಂಎಂ, ನಡುವಿನ ತೂತು 52. ಸಣ್ಣ ರಾಡಿಗಾದ್ರ ಹೊರಗ 95, ತೂತು 30. ಎರಡೂ ಅರ್ಧ ಕಿಲೋಕ್ಕ ಬರ್ತಾವ, ಮೊದಲಿನದು ಹತ್ತು ಹದಿನೈದು ಗ್ರಾಂ ಹೆಚ್ಚು. ಗ್ಯಾಸಿನಿಂದ ಕತ್ತರಿಸೋವಾಗ ಸುತ್ತಲೂ ಮೂರ್ನಾಲ್ಕು ಎಂಎಂ ಹೆಚ್ಚು ಬಿಡಿಸ್ರಿ, ಅಂಚಿಗೆ ಕಿಟ್ಟ ಹಿಡಿದಿರ್ತದ, ಲೇತಿನಾಗ ಅದನ್ನ ತೆಗೆದ ಮ್ಯಾಲೇ ಅಳತಿ. ಜೋಡಿಯೊಳಗ ಒಂದು ಭಾರ ಆದ್ರ ಹತ್ತು ಎಂಎಂ ಡ್ರಿಲ್ಲಿನಿಂದ ತೂತು ಹೊಡೆಸ್ರಿ, ಒಂದು ತೂತಿಗೆ ಆರು ಗ್ರಾಂ ಕಮ್ಮಿ ಆಗ್ತದ. ಅಂಚು ಅರದಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿಸ್ರಿ, ಇಲ್ಲಾಂದ್ರ ಬೆವರಿನ ಕೈಗೆ ಒಂದೇ ಮಳಿಗಾಲದಾಗ ತುಕ್ಕು. ಪ್ರತಿ ನಾಲ್ಕು ಪ್ಲೇಟಿಗೆ ಕಬ್ಬಿಣ, ಕೂಲಿ ಎಲ್ಲಾ ಸೇರಿ ಆರೇಳು ನೂರು ರೂಪಾಯಿ ಆಗಿರಬೇಕು. ತಯಾರಿದ್ದದ್ದು ತರಿಸಿದ್ರ ಎರಡು ಪಟ್ಟಿಗಿಂತ ಹೆಚ್ಚು ಹೇಳ್ತಿದ್ರು.

ಇದಕ್ಕಿಂತ ಮೊದಲು ಪುಕ್ಕಟೆ ದಾರಿಗಳೂ ನೋಡಿ ಆಗಿತ್ತು. ರಾಡಿನ ತುದಿಗೆ ನೀರಿನ ಬಾಟ್ಲಿ ಕಟ್ಟಿದ್ರ ಜೋಲಿ ಹೊಡೀತದ, ಪ್ರೆಸ್ಸಿನಾಗ ಅಪಾಯ. ಉಸುಕಿನ ಚೀಲ ಒಂದು ಬದಿಗೆ ಸರೀತದ. ಸೈಕಲ್ ಚೈನು ಸುತ್ತಿದ್ದು ನಡೀತು, ಗ್ರೀಸು ಬೆಂಚಿಗೆಲ್ಲ ಹತ್ತಿ ಮಾಲಕರ ಕಡಿಂದ ಬೈಗುಳ.

ಏರಿಸೋ ಲೆಕ್ಕ: ಸ್ಕ್ವಾಟ್ ಮೊದಲ ಎರಡು ತಿಂಗಳು ಪ್ರತಿ ಸಲ ಎರಡು ಕಿಲೋ, ಆಮ್ಯಾಲ ಒಂದು. ಬೆಂಚ್, ಪ್ರೆಸ್ ಮೊದಲಿನಿಂದಲೂ ಒಂದೇ ಕಿಲೋ. ಡೆಡ್‌ಲಿಫ್ಟ್ ಐದೈದು, 80 ದಾಟಿದ ಮ್ಯಾಲ ಎರಡು. ಒಂದೇ ತೂಕಕ್ಕ ಮೂರು ಸಲ ಸೋತ್ರ ನೂರಕ್ಕ ಹತ್ತು ಇಳಿಸಿ ಮತ್ತ ಹತ್ತೋದು. ಪ್ರೆಸ್ ಹಿಂಗ 36ರ ಹತ್ತಿರ ಒಮ್ಮೆ ನಿಂತಿತ್ತು. ಅಲ್ಲಿ ರೆಪ್ಪಿನ ಲೆಕ್ಕ ಬದಲು ಮಾಡಿ ದಾಟಿಸಿದ ಒಂದು ಉಪಾಯ ಅದ, ಅದು ನನ್ನ ಹತ್ತಿರಾನೇ ಇರಲಿ.

ಡೆಡ್‌ಲಿಫ್ಟಿನಾಗ ಹೊಸಬರ ನಡ ಹಿಡಿಯೋಕ ಒಂದು ಕಾರಣ ಯಾರೂ ಹೇಳೋದಿಲ್ಲ: ಪ್ಲೇಟಿನ ಎತ್ತರ. ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್, ರಾಡು ನೆಲದಿಂದ ಇಪ್ಪತ್ತೆರಡೂವರಿ ಸೆಂಟಿಮೀಟರ್ ಮ್ಯಾಲ ಇರ್ತದ. ಹೊಸಬ ಹಾಕೋ ಹತ್ತು ಕಿಲೋ ಪ್ಲೇಟಿನ ವ್ಯಾಸ 28–30, ರಾಡು ಹದಿನಾಲ್ಕು ಹದಿನೈದಕ್ಕ ಇಳೀತದ. ಅಷ್ಟು ಕೆಳಗ ಹೋದ್ರ ಬೆನ್ನು ಬಿಲ್ಲು ಆಗದೆ ಬೇರೆ ದಾರಿ ಇಲ್ಲ. ನಮ್ಮಲ್ಲಿ ಶಹಾಬಾದ್ ಫರಸಿಗೆ (ನೆಲಕ್ಕ ಹಾಸೋ ಕಲ್ಲು) ಬರ ಇಲ್ಲ. ಎರಡೂ ಕಡಿ ಪ್ಲೇಟಿನ ಕೆಳಗ ಒಂದೂವರಿ ಇಂಚಿನ ಎರಡು ತುಂಡು ಒಂದರ ಮ್ಯಾಲ ಒಂದು, ಅದರ ಮ್ಯಾಲ ಹಳೇ ಕನ್ವೇಯರ್ ಬೆಲ್ಟಿನ ತುಂಡು. ಸಿಮೆಂಟ್ ಫ್ಯಾಕ್ಟರಿಗಳ ಕಡಿಂದ ಬಂದ ಅಂಥ ಬೆಲ್ಟು ಗುಜರಿಯಾಗ ಕಿಲೋ ಲೆಕ್ಕಕ್ಕ ಸಿಗ್ತದ. ಒಟ್ಟು ಎಂಟು ಎಂಟೂವರಿ ಸೆಂಟಿಮೀಟರ್, ಲೆಕ್ಕ ಸರಿ ಆಯ್ತು. ಬೆಲ್ಟು ಇಲ್ಲದೆ ಬರೀ ಫರಸಿ ಮ್ಯಾಲ ಇಳಿಸಿದ್ರ ಅದು ಪದರು ಪದರಾಗಿ ಸೀಳ್ತದ. ನನ್ನ ಮೊದಲ ಜೋಡಿ ಹಂಗೇ ಹೋಯ್ತು. ಪ್ಲೇಟು ಕಲ್ಲಿನ ನಟ್ಟನಡುವ ಬರಬೇಕು, ಅಂಚಿಗಲ್ಲ. ಎತ್ತೋವಾಗ ರಾಡು ಮೊಣಕಾಲಿನ ಕೆಳಗಿನ ಎಲುಬಿಗೆ ತಾಗಿಕೊಂಡೇ ಬರಬೇಕು, ಎರಡು ಬೆರಳು ಮುಂದ ಹೋದ್ರೂ ಭಾರ ಎಲ್ಲಾ ನಡಕ್ಕ.

ಕೈ ಜಾರ್ತದ ಅಂತ ಶಾಲಿ ಚಾಕ್‌ಪೀಸ್ ಪುಡಿ ಹಚ್ಚೋರು ಅದಾರ. ಅದು ಜಿಪ್ಸಮ್, ಬೆವರಿಗೆ ಕೆಸರು ಆಗ್ತದ. ಬೇಕಾದದ್ದು ಮೆಗ್ನೀಷಿಯಂ ಕಾರ್ಬೊನೇಟ್, ಒಂದು ಗಡ್ಡಿ ಅರ್ಧ ವರ್ಷ ಬರ್ತದ. ಮೆತ್ತನ ಅಟ್ಟೆಯ ರನ್ನಿಂಗ್ ಬೂಟು ಸ್ಕ್ವಾಟಿಗೆ ಬ್ಯಾಡ, ಭಾರ ಬಿದ್ದಾಗ ಹಿಮ್ಮಡಿ ಅಲ್ಲಾಡ್ತದ. ಚಪ್ಪಟೆ ಕ್ಯಾನ್ವಾಸ್ ಬೂಟು ಸಾಕು. ನಡಕ್ಕ ಕಟ್ಟೋ ಬೆಲ್ಟು ಮೈತೂಕದಷ್ಟು ಸ್ಕ್ವಾಟ್ ಆಗೋ ತನಕ ಕೊಳ್ಳಬ್ಯಾಡ್ರಿ. ವರ್ಷದ ಫೀಜು ಒಮ್ಮೆಲೇ ಕಟ್ಟೋದೂ ಬ್ಯಾಡ, ಮೂರು ತಿಂಗಳದ್ದು ಕಟ್ಟಿ ನೋಡ್ರಿ.

ತಾಲೀಮಿನ ಬೈಠಕ್ (ಬಸ್ಕಿ) ರಜಾ ದಿನ ಸೇರಿಸಿ ನೋಡಿದ್ದೂ ಅದ. ಐವತ್ತರ ಮ್ಯಾಲ ಹೋದ್ರ ಮಾರನೇ ದಿನದ ಸ್ಕ್ವಾಟ್ ಸತ್ತು ಹೋಗ್ತದ. ಇಪ್ಪತ್ತು ಬೈಠಕ್ ವಾರ್ಮ್‌ಅಪ್ಪಿಗೆ ಛಲೋ. ಕಟ್ಟಿಗಿ ಗದಾ ಎರಡು ನಿಮಿಷ ತಿರುವಿ ಪ್ರೆಸ್ಸಿಗೆ ನಿಂತ್ರ ಭುಜ ಸಡಿಲ ಇರ್ತದ, ಅದನ್ನ ಇನ್ನೂ ಬಿಟ್ಟಿಲ್ಲ.

ಊಟದ ಖರ್ಚಿನ ಮಾತು. ಮೈತೂಕದ ಕಿಲೋಕ್ಕ 1.6 ಗ್ರಾಂ ಪ್ರೋಟೀನ್ ಹಿಡಿದ್ರ 65 ಕಿಲೋದವನಿಗೆ ನೂರು ಗ್ರಾಮಿನ ಸುತ್ತ. ಆರು ಜೋಳದ ರೊಟ್ಟಿಗೆ ಮುನ್ನೂರು ಗ್ರಾಂ ಹಿಟ್ಟು, ಅದರಾಗ ಮೂವತ್ತು. ಎಂಬತ್ತು ಗ್ರಾಂ ತೊಗರಿಬ್ಯಾಳಿ ಹದಿನೇಳು. ಅರ್ಧ ಲೀಟರ್ ಹಾಲು ಹದಿನಾರು, ಎರಡು ತತ್ತಿ ಹನ್ನೆರಡು, ಒಂದು ಹಿಡಿ ಶೇಂಗಾ ಹತ್ತು, ಮೂವತ್ತು ಗ್ರಾಂ ಒಣ ಸೋಯಾ ಹದಿನೈದು. ನೂರು ಮುಟ್ಟಿತು. ಜೋಳದಾಗ ಲೈಸಿನ್ (ಪ್ರೋಟೀನಿನ ಒಂದು ಅಂಶ) ಕಮ್ಮಿ, ಬ್ಯಾಳಿಯಾಗ ಹೆಚ್ಚು, ಹಂಗಾಗಿ ರೊಟ್ಟಿ ಜೊತಿ ಬ್ಯಾಳಿ ತೆಳ್ಳಗ ಕುಡಿಯೋದಲ್ಲ, ಗಟ್ಟಿ ಮಾಡಿ ತಿನ್ನಬೇಕು. ಸೋಯಾ ಬಿಸಿನೀರಿನಾಗ ನೆನೆಸಿ ಎರಡು ಸಲ ಹಿಂಡಿದ್ರ ಅರ್ಧ ವಾಸನಿ ಹೋಗ್ತದ. ಉಳಿದ ಅರ್ಧ ಹೋಗಿಸೋ ಮಸಾಲಿ ಮನಿಯವರದ್ದು, ಬರಿಯಾಕ ಒಪ್ಪಿಗಿ ಇಲ್ಲ.

ಪ್ರೋಟೀನ್ ಪೌಡರ್ ಡಬ್ಬಿಗೆ ಸುಮಾರು ಎರಡೂವರಿ ಸಾವಿರ ಹಾಕಿದ್ದೂ ಅದ, ಸೀಲಿನ ಅಂಚು ಮೊದಲೇ ಎದ್ದಿತ್ತು, ನೀರಿಗೆ ಹಾಕಿದ್ರ ಮೈದಾ ಹಂಗ ತಳ ಹಿಡೀತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಆ ದುಡ್ಡಿನಾಗ ಹದಿನೈದು ಕಿಲೋ ಸೋಯಾ ಬರ್ತಿತ್ತು. ಕೊಂಡು ತಿನ್ನೋದ್ರಾಗ ಫಾಯದಾ ಕಂಡದ್ದು ಕ್ರಿಯಾಟಿನ್ ಪುಡಿ ಒಂದೇ: ಮೊನೊಹೈಡ್ರೇಟ್, ದಿನಕ್ಕ ಮೂರರಿಂದ ಐದು ಗ್ರಾಂ, ಯಾವ ಹೊತ್ತಿಗಾದ್ರೂ. ಕಿಡ್ನಿ ತ್ರಾಸ ಇದ್ದವರು ಡಾಕ್ಟರಿಗೆ ಕೇಳದೆ ಮುಟ್ಟಬ್ಯಾಡ್ರಿ.

ಏಪ್ರಿಲ್, ಮೇ ತಿಂಗಳಾಗ ಹೊರಗ 42–43 ಇದ್ದಾಗ ತಗಡಿನ ಚಾವಣಿಯ ಜಿಮ್ಮಿನಾಗ ಸಂಜಿ ಆರಕ್ಕೂ ಕಬ್ಬಿಣ ಬೆಚ್ಚಗ. ಮುಂಜಾನೆ ಐದೂವರಿಗೆ ಹೋಗೋದು, ಇಲ್ಲಾಂದ್ರ ರಾತ್ರಿ ಎಂಟರ ಮ್ಯಾಲ. ಆ ಎರಡು ತಿಂಗಳು ತೂಕ ಏರಿಸೋದಿಲ್ಲ. ತೂಕ ಅದೇ ಇಟ್ಟು ಮೂರು ಸೆಟ್ಟಿನ ಬದಲು ಎರಡು. ತೂಕ ಇಳಿಸಿ ಸೆಟ್ ಹಂಗೇ ಇಟ್ಟ ವರ್ಷ ಜೂನಿನಾಗ ಎಲ್ಲಾ ಮೊದಲಿನಿಂದ ಹತ್ತಬೇಕಾಯ್ತು. ಉಪ್ಪು ಹಾಕಿದ ಮಜ್ಜಿಗಿ ಅರ್ಧ ಲೀಟರ್ ಅರ್ಧ ತಾಸು ಮೊದಲು, ಜೋಳದ ಅಂಬಲಿ ಆದ ಮ್ಯಾಲ. ರೋಜಾ ಇಡೋ ಗೆಳೆಯರು ಇಫ್ತಾರ್ ಆಗಿ ಒಂದೂವರಿ ತಾಸಿಗೆ ಬಂದು ಇದೇ ಎರಡು ಸೆಟ್ಟಿನ ಲೆಕ್ಕ ನಡೆಸಿದ್ರು. ಈದಿನ ನಂತರದ ವಾರ ಮಾತ್ರ ನೂರಕ್ಕ ಐದು ಇಳಿಸಿ ಶುರು ಮಾಡ್ತಾರ, ಯಾಕಂದ್ರ ಆ ವಾರದ ಶೀರ್‌ಖುರ್ಮಾ ಮ್ಯಾಲ ಸ್ಕ್ವಾಟಿಗೆ ಕೂತ್ರ ಏಳೋದು ಕಷ್ಟ.