ಹೆಂಚಿನ ಮನೆ ಸೋರುತ್ತಿದೆ, ಕೈಯಲ್ಲಿ ದುಡ್ಡಿಲ್ಲ: ಎಲ್ಲಿಂದ ಶುರು ಮಾಡುವುದು?

ನಮ್ಮ ಬೀದಿಯ ಕೊನೆಮನೆಯ ದೊಡ್ಡಮ್ಮನಿಗೆ 74 ವರ್ಷ. ಕಳೆದ ಆಷಾಢದಲ್ಲಿ ಹೋದಾಗ ಅವರ ಅಡುಗೆಮನೆಯಲ್ಲಿ ಮೂರು ಪಾತ್ರೆ, ಜಗಲಿಯಲ್ಲೊಂದು ಬಕೆಟ್ ಇಟ್ಟಿದ್ದರು. ಬಕೆಟ್ ಖಾಲಿ ಮಾಡಲೆಂದೇ ರಾತ್ರಿ ಎರಡು ಸಲ ಏಳುತ್ತಿದ್ದರಂತೆ. ‘ನನ್ನ ಕಾಲಕ್ಕೆ ಇಷ್ಟು ಸಾಕು ಬಿಡು ಮಗಾ’ ಎಂದರು. ದುಡ್ಡಿಲ್ಲ ಅನ್ನುವುದನ್ನು ಅವರು ಹೇಳುವ ರೀತಿ ಅದು. ಇಂಥವರಿಗೆ ನೆರವಾಗಲು ಹೊರಟರೆ ಎಲ್ಲರೂ ಮೊದಲು ಕೇಳುವುದು ‘ಯಾವ ಸ್ಕೀಮು ಇದೆ?’ ಎಂದು. ಅದು ಮೂರನೆಯ ಪ್ರಶ್ನೆ.

1. ಬಡಗಿಯನ್ನು ಮಾಡಿಗೆ (ಛಾವಣಿಗೆ) ಹತ್ತಿಸಿ

‘ಮನೆ ರಿಪೇರಿ’ ಎಂದು ಒಟ್ಟಾಗಿ ಹೇಳಿದರೆ ಲಕ್ಷದ ಮಾತೇ ಬರುತ್ತದೆ. ಬಿಡಿಸಿ ನೋಡಿದರೆ ಹಾಗಿರುವುದಿಲ್ಲ. ದೊಡ್ಡಮ್ಮನ ಮನೆಯಲ್ಲಿ ಗೆದ್ದಲು ಹಿಡಿದದ್ದು ಪಡುವಣ ಬದಿಯ ರೀಪುಗಳಿಗೆ (ಹೆಂಚು ಕೂರಿಸುವ ಅಡ್ಡಪಟ್ಟಿಗಳಿಗೆ) ಮತ್ತು ಅವನ್ನು ಹೊರುವ ಎರಡು ಪಕಾಸಿಗೆ ಮಾತ್ರ. ಹೆಂಚು ಮುಕ್ಕಾಲು ಪಾಲು ಗಟ್ಟಿ ಇತ್ತು. ಬಡಗಿ ಒಂದೊಂದನ್ನೇ ಕೈಗೆತ್ತಿಕೊಂಡು ಬೆರಳ ಗೆಣ್ಣಿನಿಂದ ತಟ್ಟಿದ. ಠಣ್ ಎಂದದ್ದು ಈ ಕಡೆ, ಮೊದ್ದು ಸದ್ದಿನದು ಆ ಕಡೆ. ಮಂಗಳೂರು ಹೆಂಚು ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 140ರಿಂದ 150 ಬೇಕು. ಕೆಡವಿದ ಮನೆಗಳ ಹಳೇ ಹೆಂಚು ಕಡಿಮೆ ಬೆಲೆಗೆ ಸಿಗುತ್ತದೆ, ಕೆಲವೊಮ್ಮೆ ಹೊಸದಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಪಟ್ಟಿಯನ್ನು ಮೂರು ಭಾಗ ಮಾಡಿ: ಈ ಮಳೆಗಾಲಕ್ಕೆ ಮೊದಲು ಆಗಲೇಬೇಕಾದದ್ದು, ಮುಂದಿನ ವರ್ಷಕ್ಕೆ ತಳ್ಳಬಹುದಾದದ್ದು, ಮಾಡದಿದ್ದರೂ ನಡೆಯುವಂಥದ್ದು. ಮನೆಯ ಮಾಡು ಮೊದಲನೆಯದು. ಬಚ್ಚಲ ನೆಲ ಜಾರುತ್ತಿದ್ದರೆ ಅದೂ ಮೊದಲನೆಯದೇ, ಏಕೆಂದರೆ ಅಲ್ಲಿ ಸೊಂಟ ಮುರಿದರೆ ಬರುವ ಖರ್ಚೇ ಬೇರೆ. ಸುಣ್ಣಬಣ್ಣ ಮೂರನೆಯದು. ಸಾಮಾನು, ಕೂಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

2. ಖಾತೆ ಯಾರ ಹೆಸರಲ್ಲಿದೆ?

ಹತ್ತರಲ್ಲಿ ಎಂಟು ಕಡೆ ಎಡವುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಯಜಮಾನರು ತೀರಿಕೊಂಡು ಹದಿನೈದು ವರ್ಷವಾಗಿದ್ದರೂ ಮನೆ ಅವರ ಹೆಸರಲ್ಲೇ ಇರುತ್ತದೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮನೆ ಕಂದಾಯದ ರಸೀದಿ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಂಡು ಪಂಚಾಯಿತಿಯಲ್ಲಿ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು) ಅರ್ಜಿ ಹಾಕಿ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಈಗ ಮನೆಯಲ್ಲಿರುವ ಹಿರಿಯರ ಹೆಸರಿನಲ್ಲಿ ಬಂದರೆ ಮುಂದಿನ ದಾರಿ ಸಲೀಸು.

‘ಹೇಗೂ ಖಾತೆ ಬದಲಾಗ್ತಿದೆ, ನನ್ನ ಹೆಸರಿಗೇ ಮಾಡಿಬಿಡಮ್ಮ, ರಿಪೇರಿ ನಾನೇ ಮಾಡಿಸ್ತೀನಿ’ ಎಂದು ಮಗನೋ ಅಳಿಯನೋ ಹೇಳುವುದೂ ಇದೇ ಹೊತ್ತಿಗೆ. ದಾನಪತ್ರ ಬರೆಯಲೇಬೇಕೆಂದಿದ್ದರೆ ಅದರಲ್ಲಿ ‘ಜೀವನಪರ್ಯಂತ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಕಾಣುವ ಹಾಗೆ ಬರೆಸಿ. ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ಪತ್ರವನ್ನು ರದ್ದು ಮಾಡಿಸಬಹುದು.

3. ಸರ್ಕಾರದ ದುಡ್ಡು: ಎಲ್ಲಿದೆ, ಎಲ್ಲಿಲ್ಲ

ವಸತಿ ಯೋಜನೆಗಳಲ್ಲಿ ಹೆಚ್ಚಿನವು ಹೊಸ ಮನೆಗೆ, ರಿಪೇರಿಗಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್‌ನಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ. ಹೆಚ್ಚಿನ ಕಂತು ಬರುವುದು ತಳಪಾಯ, ಲಿಂಟಲ್, ಛಾವಣಿ ಎಂದು ಕೆಲಸ ಮುಗಿದ ಹಾಗೆಲ್ಲ ಫೋಟೊ ತೆಗೆದ ಮೇಲೆ. ಅಂದರೆ ಹಲವು ಹಂತದಲ್ಲಿ ಮೊದಲು ಕೈಯಿಂದ ಹಾಕಬೇಕು. ಒಂಟಿ ಮುದುಕಿ ಇರುವ ಮನೆ ಕೆಡವಿ, ಲಿಂಟಲ್‌ ಮಟ್ಟದಲ್ಲಿ ನಿಲ್ಲಿಸಿ, ಎರಡು ಮಳೆಗಾಲ ಪಕ್ಕದ ಕೊಟ್ಟಿಗೆಯಲ್ಲಿ ಕಳೆದದ್ದನ್ನು ನಾನು ನೋಡಿದ್ದೇನೆ. ಜೊತೆಗೆ ನಿಂತು ಕಟ್ಟಿಸುವವರು ಇಲ್ಲದಿದ್ದರೆ ಹಳೇ ಮನೆ ಮುಟ್ಟಬೇಡಿ.

ಗಾಳಿಮಳೆಗೆ ಹಾನಿಯಾಗಿದ್ದರೆ ದಾರಿ ಬೇರೆ. ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದಲ್ಲಿ ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಇದು ಸಣ್ಣ ಮೊತ್ತ ನಿಜ. ಆದರೆ ರಾಜ್ಯ ಸರ್ಕಾರ ಕೆಲವು ಸಲ ಮೇಲೆ ಸೇರಿಸಿ ಕೊಡುವುದುಂಟು, 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಟಾರ್ಪಾಲು ಹೊದಿಸುವ ಮೊದಲು ಫೋಟೊ ತೆಗೆದಿಡಿ, ಅಂದೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಮಹಜರು ಮಾಡಿಸಿ. ನಾಲ್ಕು ದಿನ ಬಿಟ್ಟು ಹೋದರೆ ಗೋಡೆ ಮೊದಲೇ ಹಾಗಿತ್ತು ಎನ್ನುತ್ತಾರೆ.

ಮನೆಯಲ್ಲಿ ಅಂಗವಿಕಲರಿದ್ದರೆ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅವರಿಗೆಂದೇ ಮೀಸಲು. ಪರಿಶಿಷ್ಟರಿಗೂ ಮೀಸಲು ಹಣವಿದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಬಾಯಲ್ಲಿ ಕೇಳಿ ಬರಬೇಡಿ, ಬಡಗಿಯ ಪಟ್ಟಿ ಲಗತ್ತಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

4. ಮಕ್ಕಳು, ನೆರೆಹೊರೆ

ಮಕ್ಕಳ ಹತ್ತಿರ ‘ತಿಂಗಳಿಗಿಷ್ಟು ಕಳಿಸಿ’ ಎನ್ನುವುದಕ್ಕಿಂತ ಪಟ್ಟಿಯನ್ನೇ ಹಂಚಿ: ರೀಪು ನಿನ್ನದು, ಹೆಂಚು ನಿನ್ನದು, ಬಡಗಿ ಕೂಲಿ ನಿನ್ನದು. ದೊಡ್ಡಮ್ಮನ ಮಗಳು ಬೆಂಗಳೂರಿನಿಂದ ನೇರವಾಗಿ ಮರದ ಅಂಗಡಿಗೇ ದುಡ್ಡು ಹಾಕಿದಳು. ಹೆಂಚು ಇಳಿಸಲು, ಏರಿಸಲು ಬೀದಿಯ ಆರು ಜನ ಮುಯ್ಯಾಳಾಗಿ ಬಂದೆವು. ಅಷ್ಟರಮಟ್ಟಿಗೆ ಕೂಲಿ ಉಳಿಯಿತು. ಮಕ್ಕಳು ತಿರುಗಿಯೂ ನೋಡದಿದ್ದರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿ 14567, ಕರೆ ಉಚಿತ.

5. ಸಾಲ ಕೊನೆಗೆ

ಸಂಧ್ಯಾ ಸುರಕ್ಷಾ 1,200, ಗೃಹಲಕ್ಷ್ಮಿ 2,000: ದೊಡ್ಡಮ್ಮನ ತಿಂಗಳ ಆದಾಯ ಇಷ್ಟೇ. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಕುಟುಂಬದ ಎಲ್ಲ ಸಾಲಗಳ ಒಟ್ಟು ಕಂತು ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮ. ಲೆಕ್ಕಕ್ಕೆ 1,600 ಕಟ್ಟಬಹುದು. ಊಟ, ಬಿಪಿ ಮಾತ್ರೆ, ಕರೆಂಟು ಬಿಲ್ಲು ಎಂದು ಲೆಕ್ಕ ಹಾಕಿದರೆ 500 ಕಟ್ಟುವುದೂ ಕಷ್ಟ. ಗೃಹಲಕ್ಷ್ಮಿ ಹಣ ತಡವಾದರೂ ವಾರದ ಕಂತು ಕಾಯುವುದಿಲ್ಲ. ತೀರಾ ಅನಿವಾರ್ಯವಾದರೆ ಸಹಕಾರಿ ಸಂಘದಲ್ಲಿ ಬಳೆ ಅಡವಿಡುವುದು ಮೇಲು, ಕನಿಷ್ಠ ಮನೆ ಬಾಗಿಲಿಗೆ ಬಂದು ಯಾರೂ ಕೂರುವುದಿಲ್ಲ.

ಮೈಸೂರಿನಂಥ ಊರಲ್ಲಿ ಸ್ವಂತ ಹೆಸರಿನ ಆರ್‌ಸಿಸಿ ಮನೆ ಇದ್ದು, 60 ದಾಟಿದ್ದರೆ ಬ್ಯಾಂಕಿನಲ್ಲಿ ರಿವರ್ಸ್ ಮಾರ್ಟ್‌ಗೇಜ್ (ಮನೆ ಅಡವಿಟ್ಟು ಅಲ್ಲೇ ಇದ್ದುಕೊಂಡು ಹಣ ಪಡೆಯುವ ಸಾಲ) ವಿಚಾರಿಸಿ. ಬದುಕಿರುವ ತನಕ ಆ ಮನೆಯಲ್ಲೇ ಇದ್ದರೆ ಕಂತು ಕಟ್ಟಬೇಕಿಲ್ಲ, ರಿಪೇರಿಗೂ ಬಳಸಬಹುದು. ಆಮೇಲೆ ವಾರಸುದಾರರು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು. ಮನೆಗೆ ಇನ್ನೂ 20 ವರ್ಷ ಬಾಳಿಕೆ ಇರಬೇಕೆಂಬ ನಿಯಮ ಇರುವುದರಿಂದ ಮಣ್ಣುಗೋಡೆಯ ಹೆಂಚಿನ ಮನೆಗೆ ಇದು ಒದಗುವುದಿಲ್ಲ.

ಬಡಗಿಗೆ ಯುಗಾದಿ ಕಳೆದ ಕೂಡಲೇ ಹೇಳಿಡಿ, ಮೇ ತಿಂಗಳಲ್ಲಿ ಎಲ್ಲರಿಗೂ ಅವನೇ ಬೇಕು. ಮುಂಗಡವೆಂದು ಪೂರ್ತಿ ದುಡ್ಡು ಕೊಡಬೇಡಿ. ಕಡೆಯ ಕಂತನ್ನು ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ದೊಡ್ಡಮ್ಮನ ಅಡುಗೆಮನೆಯ ಮೂಲೆಯಲ್ಲಿ ಒಂದು ಹನಿ ಇನ್ನೂ ಬೀಳುತ್ತಿತ್ತು. ಅವನೇ ಬಂದು ಕುಂಬಿನ ಹೆಂಚು ಸರಿಪಡಿಸಿ, ಕಡೆಯ ಕಂತಿನ 800 ರೂಪಾಯಿ ತೆಗೆದುಕೊಂಡು ಹೋದ.