ಕೆನಡಾಕ್ಕೆ ಹೊರಟಿದ್ದೀರಾ? ಜಾಕೆಟ್ ಆಮೇಲೆ, ಮೊದಲು ಹೆಸರು

ಸಂಸಾರ ಸಮೇತ ಹೊರದೇಶಕ್ಕೆ ಹೋಗುವುದು ಗಟ್ಟಿಯಾದ ಕೂಡಲೇ ನಮ್ಮ ಕಡೆಯವರು ಮಾಡುವ ಮೊದಲ ಕೆಲಸ ಬೆಂಗಳೂರಿಗೆ ಹೋಗಿ ಜಾಕೆಟ್ ತರುವುದು. ನಾವು ಆರು ವರ್ಷ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದು ತುಮಕೂರಿಗೆ ವಾಪಸ್ ಬಂದವರು. ಹಾಗಾಗಿ ಗುಬ್ಬಿ, ತಿಪಟೂರು, ಕುಣಿಗಲ್ ಕಡೆಯ ನೆಂಟರು ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗುತ್ತಾರೆ. ಎಲ್ಲರೂ ಕೇಳುವುದು ಚಳಿ ಎಷ್ಟು ಅಂತ. ಅಲ್ಲಿಗೆ ಹೋದ ಮೇಲೆ ಫೋನ್ ಮಾಡಿ ಅಳುವುದು ಕಾಗದಪತ್ರಕ್ಕೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮಗೆ ಗೊತ್ತಿರುವುದು ಒಂಟಾರಿಯೊ ಪ್ರಾಂತ್ಯ, ಹಾಗಾಗಿ ಹೇಳುವುದೂ ಅಲ್ಲಿಯದೇ.

ಹಂತ 1: ಹೆಸರು

ನಮ್ಮಲ್ಲಿ ಮನೆತನದ ಹೆಸರು ಇಟ್ಟುಕೊಂಡವರು ಕಡಿಮೆ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಟಿ.ಎನ್. ಶಿವಕುಮಾರ್ ಅಂತ ಒಬ್ಬರು ಇದ್ದಾರೆ ಅಂದುಕೊಳ್ಳಿ. ಟಿ ಅಂದರೆ ತಿಪಟೂರು, ಎನ್ ಅಂದರೆ ನಂಜಪ್ಪ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮುಂದೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಬದಲಿಗೆ ಕೊನೆಯಲ್ಲಿ ಒಂದು 'ಎ' ಜಾಸ್ತಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಅರ್ಜಿ ತುಂಬಿಕೊಟ್ಟ ಏಜೆಂಟ್ ಸರ್‌ನೇಮ್ ಜಾಗಕ್ಕೆ 'ತಿಪಟೂರು ನಂಜಪ್ಪ' ಅಂತ ಹಾಕಿ ಕೈ ತೊಳೆದುಕೊಂಡ.

ಹೆಂಡತಿ ಪಾಸ್‌ಪೋರ್ಟ್ ಮದುವೆಗೆ ಮುಂಚಿನದು, ಅದರಲ್ಲಿ ಸರ್‌ನೇಮ್ ಅವರಪ್ಪನ ಹೆಸರು. ಮಗನ ಸರ್‌ನೇಮ್ ಶಿವಕುಮಾರ್. ಮಗಳದ್ದು ಖಾಲಿ. ಒಂದೇ ಮನೆಯ ನಾಲ್ಕು ಜನ, ನಾಲ್ಕು ಥರ. ಇಲ್ಲಿ ಯಾರೂ ಕೇಳಲ್ಲ. ಅಲ್ಲಿ ಶಾಲೆ, ಬ್ಯಾಂಕು, ಹೆಲ್ತ್ ಕಾರ್ಡ್ ಕೌಂಟರ್, ಎಲ್ಲ ಕಡೆ ಈ ಮಗು ನಿಮ್ಮದೇನಾ ಅಂತ ಕೇಳಿಸಿಕೊಳ್ಳಬೇಕು. ನಮ್ಮ ಚಿಕ್ಕಮ್ಮನ ಮಗನಿಗೆ ಇಂಥದೇ ಆಯಿತು. ಕ್ಲಿನಿಕ್ಕಿನಲ್ಲಿ ನರ್ಸ್ ಮೂರು ಸಲ 'ಮಿಸ್ಟರ್ ತಿಪಟೂರ್' ಅಂತ ಕೂಗಿದರಂತೆ. ಇವನು ಪಕ್ಕದವರ ಮುಖ ನೋಡುತ್ತಾ ಕೂತಿದ್ದ. ಸರದಿ ಹೋಯಿತು.

ಸರಿಮಾಡುವುದು ಹೇಗೆ? ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಒಂದು ಭಾನುವಾರ ಇದಕ್ಕೇ ಇಟ್ಟುಬಿಡಿ. ದೊಡ್ಡ ಹಾಳೆ ತಗೊಳ್ಳಿ. ಒಬ್ಬೊಬ್ಬರಿಗೆ ಒಂದು ಸಾಲು, ಒಂದೊಂದು ದಾಖಲೆಗೆ ಒಂದು ಕಲಂ. ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ, ಡಿಗ್ರಿ, ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಡಿಎಲ್. ಇಂಗ್ಲಿಷ್ ಸ್ಪೆಲಿಂಗನ್ನು ಇದ್ದದ್ದು ಇದ್ದ ಹಾಗೆ, ಚುಕ್ಕಿ ಬಿಡದೆ ಇಳಿಸಿ. ಒಬ್ಬರು ಅಕ್ಷರ ಅಕ್ಷರ ಓದಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಕೂತರೆ ಕಣ್ಣು ಮೋಸ ಮಾಡುತ್ತದೆ. ಹುಟ್ಟಿದ ತಾರೀಖನ್ನೂ, ಮಕ್ಕಳ ದಾಖಲೆಯಲ್ಲಿರುವ ಅಪ್ಪ ಅಮ್ಮನ ಹೆಸರನ್ನೂ ಇದೇ ಹಾಳೆಗೆ ಸೇರಿಸಿ. ಬೇರೆಯಾಗಿ ಕಂಡದ್ದಕ್ಕೆಲ್ಲ ಕೆಂಪು ಪೆನ್ನು.

ಈಗ ಯಾವುದನ್ನು ತಿದ್ದಬೇಕು ಅನ್ನುವುದು. ಎಸ್ಸೆಸ್ಸೆಲ್ಸಿ ಮತ್ತು ಡಿಗ್ರಿ ತಿದ್ದಿಸುವುದು ಕಷ್ಟ. ಶಾಲೆ, ಬೋರ್ಡು, ವಿಶ್ವವಿದ್ಯಾಲಯ ಅಂತ ಅಲೆದು ಚಪ್ಪಲಿ ಸವೆಯುತ್ತದೆ. ಆಧಾರ್, ಪ್ಯಾನ್ ತಿದ್ದಿಸುವುದು ಅದಕ್ಕಿಂತ ಸುಲಭ. ಹಾಗಾಗಿ ಎಸ್ಸೆಸ್ಸೆಲ್ಸಿಯ ಹೆಸರನ್ನೇ ಬಿಡಿಸಿ ಬರೆದರೆ ಪಾಸ್‌ಪೋರ್ಟಿನ ಹೆಸರು ಬರುವಂತೆ ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಪಾಸ್‌ಪೋರ್ಟಿಗೆ ಹೊಂದಿಸಿ.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ನೀವು ಅದೃಷ್ಟವಂತರು. ಸರ್‌ನೇಮ್ ಖಾಲಿ ಬಿಡಬೇಡಿ. ಕೆನಡಾದ ಅರ್ಜಿಯಲ್ಲಿ ಒಂದೇ ಹೆಸರಿದ್ದರೆ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಬೀಳುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಅಂತ. ನನ್ನ ಮಾತು ಕೇಳುವುದಾದರೆ ಮಕ್ಕಳಿಬ್ಬರಿಗೂ ಒಂದೇ ಸರ್‌ನೇಮ್ ಇಡಿ, ಅದೂ ಚಿಕ್ಕದಾಗಿರಲಿ. ಅಪ್ಪನ ಸರ್‌ನೇಮೇ ಆದರೆ ಇನ್ನೂ ಒಳ್ಳೆಯದು. ಊರಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ ಸಾಕು.

ಒಂದು ಪಾಸ್‌ಪೋರ್ಟಿನ ಮೇಲೆ ಆಗಲೇ ಅರ್ಜಿ ಹಾಕಿಬಿಟ್ಟಿದ್ದರೆ ನಡುವೆ ಹೆಸರು ಬದಲಾಯಿಸಲು ಹೋಗಬೇಡಿ. ಎರಡೂ ಹೆಸರು ಒಬ್ಬರದ್ದೇ ಅಂತ ಒಂದು ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿ, ನೋಟರಿ ಮಾಡಿಸಿ. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಗಳಲ್ಲಿ ಹಳೆಯ ಫೈಲ್ ತೆಗೆದು ಹೆಸರು ಮಾತ್ರ ಬದಲಾಯಿಸುತ್ತಾರೆ. ಹಿಂದಿನವರ ಅಪ್ಪನ ಹೆಸರು ನಿಮ್ಮ ಅಫಿಡವಿಟ್‌ನಲ್ಲೇ ಉಳಿದುಹೋಗುವುದುಂಟು. ಸಹಿ ಮಾಡುವ ಮೊದಲು ಪೂರ್ತಿ ಓದಿ.

ಸಂಖ್ಯಾಶಾಸ್ತ್ರದವರ ಮಾತು ಕೇಳಿ ಮಗಳ ಹೆಸರಿಗೆ ಒಂದು 'ಎಚ್' ಸೇರಿಸುವವರಿಗೆ ಕೈ ಮುಗಿಯುತ್ತೇನೆ. ಸೇರಿಸಲೇಬೇಕು ಅಂದರೆ ಎಲ್ಲ ದಾಖಲೆಯಲ್ಲೂ ಸೇರಿಸಿ. ಸುಮ್ನೆ ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಸೇರಿಸಿ ಬಂದರೆ ಆ ಒಂದು ಅಕ್ಷರಕ್ಕೆ ಇನ್ನೊಂದು ಅಫಿಡವಿಟ್.

ಹಂತ 2: ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡ್

ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆಯಾ ನೋಡಿ. ಹೆರಿಗೆ ಆಸ್ಪತ್ರೆಯಿಂದ ನೋಂದಣಿ ಆಗುವಾಗ ನಾಮಕರಣ ಆಗಿರುವುದಿಲ್ಲ, ಆಮೇಲೆ ಎಲ್ಲರೂ ಮರೆಯುತ್ತಾರೆ. ನೋಂದಣಿಯಾದ 1 ವರ್ಷದೊಳಗೆ ಹೆಸರು ಸೇರಿಸಿದರೆ ದುಡ್ಡಿಲ್ಲ. 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಮಗು ಎಲ್ಲಿ ಹುಟ್ಟಿತೋ ಅಲ್ಲಿನ ಕಚೇರಿಗೇ ಹೋಗಬೇಕು. ಅಮ್ಮನ ತವರು ಕೊರಟಗೆರೆಯಾಗಿದ್ದು ಹೆರಿಗೆ ಅಲ್ಲಾಗಿದ್ದರೆ ತುಮಕೂರು ಪಾಲಿಕೆಯಲ್ಲಿ ಕ್ಯೂ ನಿಂತು ಪ್ರಯೋಜನವಿಲ್ಲ.

ತಾಯಿ ಕಾರ್ಡನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ. ಮಡಚಿ ಮಡಚಿ ನಾಲ್ಕು ತುಂಡಾಗಿ, ಅರಿಶಿನದ ಕಲೆ ಬಿದ್ದಿರುವ ಆ ಕಾರ್ಡು ಅಲ್ಲಿ ಶಾಲೆಗೆ ಬೇಕು. ಒಂಟಾರಿಯೊದಲ್ಲಿ ಮಕ್ಕಳ ಲಸಿಕೆ ವಿವರ ಕೊಡದಿದ್ದರೆ ಮೊದಲು ಪತ್ರ ಬರುತ್ತದೆ, ಆಮೇಲೆ ಮಗುವನ್ನು ಶಾಲೆಯಿಂದ ಕೆಲವು ದಿನ ಹೊರಗಿಡಲೂಬಹುದು. ಮಕ್ಕಳ ಡಾಕ್ಟರ ಹತ್ತಿರ ಹೋಗಿ ಲೆಟರ್‌ಹೆಡ್ಡಿನಲ್ಲಿ ಲಸಿಕೆಯ ಹೆಸರು ಮತ್ತು ಕೊಟ್ಟ ತಾರೀಖನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ, ಸಹಿ ಸೀಲ್ ಹಾಕಿಸಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಅಲ್ಲಿ ಕೇಳುವುದು ಎಂಎಂಆರ್, ಅದರಲ್ಲಿ ಮಂಗನಬಾವೂ ಸೇರಿದೆ. 2010 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಲಸಿಕೆಯೂ ಬೇಕು, ಅದೂ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಇನ್ನೊಂದು, ಒಂದು ವರ್ಷ ತುಂಬುವ ಮುಂಚೆ ಹಾಕಿದ ದಡಾರ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ತಗೊಳ್ಳಲ್ಲ. ನಮ್ಮ ಒಂಬತ್ತನೇ ತಿಂಗಳ ಇಂಜೆಕ್ಷನ್ ಹಾಗೇ ಹೋಯಿತು. ಗಾಬರಿಯಾಗಿ ಇಲ್ಲೇ ಎಲ್ಲ ಹಾಕಿಸಬೇಕು ಅಂತಿಲ್ಲ, ಅಲ್ಲಿ ಉಚಿತವಾಗಿ ಹಾಕುತ್ತಾರೆ. ಮೊದಲೇ ಗೊತ್ತಿದ್ದರೆ ಪತ್ರ ಬಂದಾಗ ಎದೆ ಹೊಡೆದುಕೊಳ್ಳುವುದಿಲ್ಲ ಅಷ್ಟೇ.

ಹಂತ 3: ಓದಿನ ದಾಖಲೆ, ಡಿಎಲ್, ಪೊಲೀಸ್ ಸರ್ಟಿಫಿಕೇಟ್

ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷದ ಅಂಕಗಳ ಅಧಿಕೃತ ಪಟ್ಟಿ, ವಿಶ್ವವಿದ್ಯಾಲಯದಿಂದ ತರಿಸಬೇಕು. ತುಮಕೂರು ವಿಶ್ವವಿದ್ಯಾಲಯ ಶುರುವಾದದ್ದು 2004ರಲ್ಲಿ. ಅದಕ್ಕಿಂತ ಮುಂಚೆ ಇಲ್ಲಿ ಬಿ.ಕಾಂ ಮಾಡಿದವರ ಡಿಗ್ರಿ ಬೆಂಗಳೂರು ವಿಶ್ವವಿದ್ಯಾಲಯದ್ದು, ಅಲ್ಲಿಗೇ ಹೋಗಿ. ಡಿಎಲ್‌ಗೆ ಆರ್‌ಟಿಒ ಕಚೇರಿಯಿಂದ ಎಕ್ಸ್‌ಟ್ರಾಕ್ಟ್ ತಗೊಂಡಿರಿ. ಎಷ್ಟು ವರ್ಷದಿಂದ ಗಾಡಿ ಓಡಿಸುತ್ತಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ. ಒಂಟಾರಿಯೊದಲ್ಲಿ ನೆಲೆಸಿದ ಮೇಲೆ ಇಲ್ಲಿನ ಡಿಎಲ್ 60 ದಿನ ಮಾತ್ರ ನಡೆಯುತ್ತದೆ. ಪೊಲೀಸ್ ಕ್ಲಿಯರೆನ್ಸ್, ಅಂದರೆ ನಿಮ್ಮ ಮೇಲೆ ಕೇಸಿಲ್ಲ ಅನ್ನುವ ಪತ್ರ, ಪಾಸ್‌ಪೋರ್ಟ್ ವೆಬ್‌ಸೈಟಿನಲ್ಲೇ ಆಗುತ್ತದೆ, ಶುಲ್ಕ 500 ರೂಪಾಯಿ. ಅದಕ್ಕೆ ಐದು ಸಾವಿರ ಕೇಳುವವರನ್ನು ಬಾಗಿಲಲ್ಲೇ ಕಳಿಸಿ.

ಹಂತ 4: ಸಿಮ್ ಮತ್ತು ಬ್ಯಾಂಕ್

ಆಧಾರ್‌ಗೆ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ನಿಮ್ಮ ಜೊತೆಯಲ್ಲೇ ಬರಲಿ. ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿ, ತಪ್ಪದೆ ರೀಚಾರ್ಜ್ ಮಾಡುತ್ತಿರಿ. 90 ದಿನ ಬಳಸದಿದ್ದರೆ ಪ್ರಿಪೇಯ್ಡ್ ನಂಬರ್ ಕೈ ತಪ್ಪಬಹುದು. ನಾವು ಮಾಡಿದ ದಡ್ಡತನ ಅಂದರೆ ಸಿಮ್ಮನ್ನು ಮಾವನ ಫೋನಿಗೆ ಹಾಕಿ ಬಂದದ್ದು. ಅಲ್ಲಿ ಮಧ್ಯಾಹ್ನ ಒಂದು ಗಂಟೆ ಅಂದರೆ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಹತ್ತೂವರೆ. ಮಾವ ಎದ್ದು, ಲೈಟ್ ಹಾಕಿ, ಕನ್ನಡಕ ಹುಡುಕಿ, 'ನಾಲ್ಕೋ ಒಂಬತ್ತೋ ಕಾಣ್ತಿಲ್ಲ ಕಣಮ್ಮ' ಅನ್ನುವಷ್ಟರಲ್ಲಿ ಓಟಿಪಿ ಸತ್ತಿರುತ್ತಿತ್ತು.

ಬ್ಯಾಂಕಿನಲ್ಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರು ಇಲ್ಲಿನ ದುಡ್ಡಿಗೆ ಇಟ್ಟುಕೊಳ್ಳುವ ಖಾತೆ, ಮಾಡಿಸಿ. ಇರುವ ತೋಟ ಇಟ್ಟುಕೊಳ್ಳಬಹುದು, ಎನ್‌ಆರ್‌ಐ ಆದ ಮೇಲೆ ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ.

ಹಂತ 5: ಪ್ಯಾಕಿಂಗ್

ಜಾಕೆಟ್ ಇಲ್ಲಿ ತಗೋಬೇಡಿ. ಮೈನಸ್ ಇಪ್ಪತ್ತಕ್ಕೂ ಆಗುತ್ತೆ ಅಂತ ಇಲ್ಲಿ ಮಾರಿದ್ದನ್ನು ನಾವು ತಗೊಂಡು ಹೋದೆವು, ಮೊದಲ ಹಿಮಕ್ಕೇ ತೋಯ್ದು ಒದ್ದೆ ಗೋಣಿಚೀಲದ ಹಾಗಾಯಿತು. ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ. ಮೇ ಜೂನ್‌ನಲ್ಲಿ ಹೋದರೆ ಚಳಿಗಾಲದ ಮುಂಚೆ ಸಮಯ ಸಿಗುತ್ತದೆ, ಸೆಪ್ಟೆಂಬರ್‌ಗೆ ಶಾಲೆಯೂ ಶುರು.

ಮಿಕ್ಸಿ ಬೇಡ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮದು 230. ಅಂಗಡಿಯಲ್ಲಿ ಕೊಡುವ ಚಿಕ್ಕ ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ, ವೋಲ್ಟೇಜನ್ನಲ್ಲ. ಮಿಕ್ಸಿ ಗುಂಯ್ ಅನ್ನುತ್ತದೆ, ಚಟ್ನಿ ಆಗಲ್ಲ.

ಚಿನ್ನದ್ದು ಫೋಟೊ ಸಮೇತ ಪಟ್ಟಿ ಮಾಡಿ. ಒಟ್ಟು ಸಾಮಾನಿನಲ್ಲಿ ಜೊತೆಯಲ್ಲಿ ತಂದದ್ದು ಒಂದು ಪಟ್ಟಿ, ಆಮೇಲೆ ತರಿಸುವುದು ಇನ್ನೊಂದು ಪಟ್ಟಿ. ಎರಡನ್ನೂ ಇಳಿದ ದಿನವೇ ಕೆನಡಾ ಕಸ್ಟಮ್ಸ್‌ಗೆ ಕೊಡಬೇಕು. 10,000 ಕೆನಡಾ ಡಾಲರ್ ಅಥವಾ ಅದಕ್ಕೂ ಜಾಸ್ತಿ ನಗದಿದ್ದರೆ ಹೇಳಲೇಬೇಕು. ತಿಪಟೂರಿನ ಕೊಬ್ಬರಿ, ಚಟ್ನಿಪುಡಿ, ಏನಿದ್ದರೂ ತಿನ್ನುವ ಪದಾರ್ಥ ಇದೆ ಅಂತ ಹೇಳಿಬಿಡಿ. ಬಚ್ಚಿಟ್ಟು ಸಿಕ್ಕಿಬೀಳುವುದೇ ತೊಂದರೆ.

ಹಂತ 6: ಅಲ್ಲಿ ಮೊದಲ ವಾರ

ಮೊದಲು ಎಸ್‌ಐಎನ್, ಅಂದರೆ ಸೋಶಿಯಲ್ ಇನ್ಶೂರೆನ್ಸ್ ನಂಬರ್. ಒಂಬತ್ತು ಅಂಕಿ, ಉಚಿತ, ಅದಿಲ್ಲದೆ ಕೆಲಸವಿಲ್ಲ. ಆಮೇಲೆ ಬ್ಯಾಂಕು, ಫೋನು, ಹೆಲ್ತ್ ಕಾರ್ಡ್.

ಬಾಡಿಗೆ ಮನೆಗೆ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಒಂಟಾರಿಯೊದಲ್ಲಿ ಓನರ್ ಮೊದಲ ತಿಂಗಳ ಬಾಡಿಗೆ ಮತ್ತು ಕೊನೆಯ ತಿಂಗಳದ್ದು ಮುಂಗಡವಾಗಿ ಕೇಳಬಹುದು. ಇಲ್ಲಿಂದಲೇ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಮೊದಲ ಎರಡು ವಾರಕ್ಕೆ ಎಲ್ಲಾದರೂ ಉಳಿದುಕೊಳ್ಳಿ, ಮನೆಯೊಳಗೆ ಕಾಲಿಟ್ಟು ನಲ್ಲಿ ತಿರುಗಿಸಿ ನೋಡಿ, ಆಮೇಲೆ ದುಡ್ಡು.

ಶಾಲೆಯಲ್ಲಿ ಮಗು ಎಷ್ಟನೇ ಕ್ಲಾಸು ಅನ್ನುವುದನ್ನು ಹುಟ್ಟಿದ ವರ್ಷ ನೋಡಿ ತೀರ್ಮಾನಿಸುತ್ತಾರೆ. ಜನವರಿಯಲ್ಲಿ ಹುಟ್ಟಿದವರೂ ಡಿಸೆಂಬರಿನವರೂ ಒಂದೇ ಕ್ಲಾಸು. ನವೆಂಬರ್‌ನಲ್ಲಿ ಹುಟ್ಟಿದ ಮಗು ಇಲ್ಲಿಗಿಂತ ಒಂದು ಕ್ಲಾಸು ಮುಂದೆ ಹೋಗಬಹುದು. ಅದಕ್ಕೆ ಪ್ರಿನ್ಸಿಪಾಲರ ಹತ್ತಿರ ವಾದಕ್ಕೆ ನಿಲ್ಲಬೇಡಿ.

ರಾಗಿಹಿಟ್ಟು ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಒಲೆಯ ಮೇಲ್ಮೈ ಗಾಜು. ಅದರ ಮೇಲೆ ಪಾತ್ರೆ ಇಟ್ಟು ಮುದ್ದೆ ತಿರುವಿದರೆ ಗೀರು ಬೀಳುತ್ತದೆ, ಜೋರಾಗಿ ಒತ್ತಿದರೆ ಬಿರುಕೂ ಬಿಡಬಹುದು, ದಂಡ ನಿಮ್ಮದೇ. ಎಸರು ಕುದಿದು ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ನೆಲದ ಮೇಲೆ ಹಳೆ ಟವೆಲ್ ನಾಲ್ಕು ಮಡಿಕೆ ಮಾಡಿ ಇಟ್ಟು, ಎರಡು ಕಾಲಿನ ನಡುವೆ ಹಿಡಿದುಕೊಂಡು ತಿರುವಿ. ಸಾರಿಗೆ ಒಗ್ಗರಣೆ ಹಾಕುವ ಮುಂಚೆ ಒಲೆ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕಿರುಚಿದರೆ ಅದರ ಕೆಳಗೆ ನಿಂತು ಟವೆಲ್ ಬೀಸಬೇಕು, ಆಗ ನಿಲ್ಲುತ್ತದೆ.